ಗುಡ್ಡದ ಮೇಲಿನ ಕಾಲೇಜು

ಅಮೆರಿಕದ ವಿದ್ಯಾಸಂಸ್ಥೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹಾರ್ವರ್ಡ್, ಯೇಲ್, ಕೊಲಂಬಿಯ ಮೊದಲಾದ ದೊಡ್ಡ ದೊಡ್ಡ ವಿಶ್ವವಿದ್ಯಾನಿಲಯಗಳು. ಸಾವಿರಾರು ಸಂಶೋಧಕರು, ಭಾರಿ ಗ್ರಂಥಭಂಡಾರಗಳು, ನೊಬೆಲ್ ಬಹುಮಾನ ಪಡೆದ ಪಂಡಿತರು, ಇದು ನಾವು ಕೇಳಿ ಬಲ್ಲ ಚಿತ್ರ. ಆದರೆ ಆ ದೇಶದ ವಿದ್ಯಾಜೀವನಕ್ಕೆ ಇನ್ನೊಂದು ಮುಖವೂ ಉಂಟು. ಮಹಾನಗರಗಳ ಗದ್ದಲಕ್ಕೆ ದೂರವಾಗಿ, ಮುಸುಕಿನ ಜೋಳದ ಹೊಲಗಳ ನಡುವೆ, ಒಂದು ಸಣ್ಣ ಊರು. ಆ ಊರಿಗೊಂದು ಗುಡ್ಡ. ಗುಡ್ಡದ ಮೇಲೆ ಕಲ್ಲಿನ ಕಟ್ಟಡಗಳ ಒಂದು ಕಾಲೇಜು. ಅದರ ನಡುವೆ ಒಂದು ಪ್ರಾರ್ಥನಾ ಮಂದಿರ. ಇಂಥ ಕಾಲೇಜುಗಳು ಅಲ್ಲಿ ನೂರಾರು. ಬಹುಪಾಲು ಯಾವುದೋ ಒಂದು ಮತದವರು, ತಮ್ಮ ಮಕ್ಕಳಿಗಾಗಿ, ತಮ್ಮ ಕೈಯ ಹಣದಿಂದ ಕಟ್ಟಿಕೊಂಡವು. ಸರ್ಕಾರದ ಆಶ್ರಯದಲ್ಲಿ ಹುಟ್ಟಿದವಲ್ಲ. ಲಾಭಕ್ಕಾಗಿ ನಡೆಸುವವೂ ಅಲ್ಲ. ಅವುಗಳಲ್ಲಿ ಒಂದರ ಕಥೆಯನ್ನು ಈಗ ಹೇಳಬಯಸುತ್ತೇನೆ. ಮಿನೆಸೋಟ ಸಂಸ್ಥಾನದ ನಾರ್ತ್‌ಫೀಲ್ಡ್ ಎಂಬ ಊರಿನಲ್ಲಿರುವ ಸೇಂಟ್ ಓಲಾಫ್ ಕಾಲೇಜು ಅದು. ಈ ಕಥೆಯಲ್ಲಿ ರೇಡಿಯೊ ಕೇಳುವವರಾದ ನಮಗೆ ಸಂಬಂಧಪಟ್ಟ ಸಂಗತಿಯೊಂದಿದೆ. ಅದು ತನ್ನ ಸರದಿಯಲ್ಲಿ ಬರುತ್ತದೆ.

ಮೊದಲು ಇಂಥ ಕಾಲೇಜಿನ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳೋಣ. ಇವನ್ನು ಆ ದೇಶದಲ್ಲಿ ಲಿಬರಲ್ ಆರ್ಟ್ಸ್ ಕಾಲೇಜು ಎನ್ನುತ್ತಾರೆ. ಆರ್ಟ್ಸ್ ಎಂದರೆ ಇಲ್ಲಿ ಚಿತ್ರಕಲೆ, ಶಿಲ್ಪಕಲೆಗಳಷ್ಟೇ ಅಲ್ಲ. ವಿಜ್ಞಾನಕ್ಕೆ ಎದುರಾದ ಇನ್ನೊಂದು ವಿಭಾಗವೂ ಅಲ್ಲ. ಪ್ರಾಚೀನ ರೋಮಿನಲ್ಲಿ ಸ್ವತಂತ್ರನಾದ ಮನುಷ್ಯನಿಗೆ ತಕ್ಕ ವಿದ್ಯೆಗಳು ಎಂದು ಕೆಲವನ್ನು ಎಣಿಸುತ್ತಿದ್ದರು. ಮಧ್ಯಯುಗದ ಯೂರೋಪಿನಲ್ಲಿ ಅವು ಏಳಾದವು: ವ್ಯಾಕರಣ, ತರ್ಕ, ಅಲಂಕಾರ, ಅಂಕಗಣಿತ, ರೇಖಾಗಣಿತ, ಖಗೋಳ, ಸಂಗೀತ. ಹೊಟ್ಟೆಪಾಡಿನ ಕಸುಬನ್ನು ಕಲಿಸುವುದಕ್ಕಿಂತ ಮೊದಲು ಯೋಚಿಸುವುದನ್ನು, ಆಡುವುದನ್ನು, ಅಳೆಯುವುದನ್ನು, ಕೇಳುವುದನ್ನು ಕಲಿಸಬೇಕು ಎಂಬುದು ಇದರ ಹಿಂದಿನ ಭಾವನೆ. ಇಂದಿಗೂ ಇಂಥ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಮುಖ್ಯವಾಗಿ ಓದುವ ಹುಡುಗ ತತ್ತ್ವಶಾಸ್ತ್ರವನ್ನೂ ಓದಬೇಕು. ಸಾಹಿತ್ಯ ಓದುವ ಹುಡುಗಿ ಪ್ರಯೋಗಶಾಲೆಗೂ ಹೋಗಬೇಕು. ಓದು ನಾಲ್ಕು ವರ್ಷ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅಲ್ಲೇ ವಾಸ. ಸೇಂಟ್ ಓಲಾಫಿನಲ್ಲಿ ಸುಮಾರು 3000 ವಿದ್ಯಾರ್ಥಿಗಳಿದ್ದಾರೆ. ಇಂಥ ಕಾಲೇಜುಗಳ ಪೈಕಿ ಅದು ದೊಡ್ಡದೇ ಸರಿ. ಪಾಠ ಹೇಳುವವರಿಗೆ ವಿದ್ಯಾರ್ಥಿಯ ಹೆಸರೂ ಮುಖವೂ ಗೊತ್ತಿರುತ್ತದೆ. ಇದೇ ಅದರ ಹೆಚ್ಚಳ. ಹೆಚ್ಚು ಖರ್ಚಿನ ಕಾರಣವೂ ಇದೇ.

ಇನ್ನು ಲೂಥರನ್ ಎಂಬ ಮಾತು. 1517ರಲ್ಲಿ ಜರ್ಮನಿಯ ವಿಟ್ಟೆನ್‌ಬರ್ಗ್ ಎಂಬ ಊರಿನಲ್ಲಿ ರೋಮಿನ ಚರ್ಚಿನ ಕೆಲವು ಪದ್ಧತಿಗಳನ್ನು ಪ್ರಶ್ನಿಸಿ 95 ವಾದಗಳನ್ನು ಮುಂದಿಟ್ಟ ಮಾರ್ಟಿನ್ ಲೂಥರ್ ಅವರ ಹೆಸರು ನಮ್ಮ ಶಾಲೆಯ ಚರಿತ್ರೆಯ ಪುಸ್ತಕಗಳಲ್ಲಿ ಬರುತ್ತದೆ. ಆದರೆ ಅವರು ವಿಶ್ವವಿದ್ಯಾನಿಲಯದ ಅಧ್ಯಾಪಕರಾಗಿದ್ದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. 1524ರಲ್ಲಿ ಅವರು ಜರ್ಮನಿಯ ಪಟ್ಟಣಗಳ ಆಡಳಿತಗಾರರಿಗೆ ಬಹಿರಂಗ ಪತ್ರವೊಂದನ್ನು ಬರೆದು, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಶಾಲೆಗಳನ್ನು ತೆರೆಯಬೇಕೆಂದು ಒತ್ತಾಯಪಡಿಸಿದರು. ಧರ್ಮಗ್ರಂಥವನ್ನು ಪ್ರತಿಯೊಬ್ಬನೂ ತಾನೇ ಓದಬೇಕಾದರೆ ಪ್ರತಿಯೊಬ್ಬನಿಗೂ ಅಕ್ಷರ ಬೇಕು ತಾನೆ? ಅವರ ಇನ್ನೊಂದು ಮಾತು ಕೂಡ ಮುಖ್ಯ. ಸಂನ್ಯಾಸಿಗೆ ಮಾತ್ರ ದೇವರ ಕರೆ ಬರುತ್ತದೆಂಬುದು ಸುಳ್ಳು; ಚಮ್ಮಾರ ಜೋಡು ಹೊಲಿಯುವುದೂ ತಾಯಿ ಮಗುವನ್ನು ಸಾಕುವುದೂ ನೆರೆಯವನಿಗೆ ಸಲ್ಲುವ ಸೇವೆಯಾದ್ದರಿಂದ ಅದೂ ದೇವರ ಕರೆಯೇ ಎಂದು ಅವರು ಬೋಧಿಸಿದರು. ಹೀಗಾಗಿ ಲೂಥರನ್ ಕಾಲೇಜಿನಲ್ಲಿ ವೈದ್ಯನಾಗುವವನು, ವ್ಯಾಪಾರಿಯಾಗುವವನು, ಪಾದ್ರಿಯಾಗುವವನು ಒಂದೇ ಪಂಕ್ತಿಯಲ್ಲಿ ಕುಳಿತು ಓದುವುದಕ್ಕೆ ಮತದೊಳಗಿನಿಂದಲೇ ಸಮರ್ಥನೆ ಸಿಕ್ಕಿತು.

ನಾರ್ವೆ ದೇಶ 1537ರಲ್ಲಿ ಲೂಥರನ್ ಮತಕ್ಕೆ ಸೇರಿತು. ಆಗ ಅದು ಡೆನ್ಮಾರ್ಕಿನ ಅರಸರ ಆಳ್ವಿಕೆಗೆ ಒಳಪಟ್ಟಿತ್ತು. 1736ರಲ್ಲಿ ಹದಿಹರೆಯದ ಮಕ್ಕಳಿಗೆಲ್ಲ ದೃಢೀಕರಣವೆಂಬ ಸಂಸ್ಕಾರ ಕಡ್ಡಾಯವಾಯಿತು. ಅದಕ್ಕೆ ಬೇಕಾದ ಓದನ್ನು ಕಲಿಸಲು 1739ರಲ್ಲಿ ಶಾಲೆಗಳ ಕಾನೂನು ಬಂತು. ಕಡಿದಾದ ಬೆಟ್ಟಗಳು, ಕೈಯಗಲದ ಹೊಲಗಳು, ಅದರಲ್ಲಿ ಹುಟ್ಟಿದ ಎಂಟು ಹತ್ತು ಮಕ್ಕಳಿಗೆ ಪಾಲು, ಬಡತನ ಬಹಳ. ಆದರೆ ಬಡ ಬೆಸ್ತನ ಮನೆಯಲ್ಲೂ ಓದುಬಲ್ಲ ಜನ ಇದ್ದರು. 1825ರಿಂದ ನೂರು ವರ್ಷಗಳಲ್ಲಿ ಆ ಪುಟ್ಟ ದೇಶದಿಂದ ಎಂಟು ಲಕ್ಷಕ್ಕೂ ಮೇಲ್ಪಟ್ಟು ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅವರಲ್ಲಿ ಬಹಳ ಮಂದಿ ನೆಲೆ ನಿಂತದ್ದು ವಿಸ್ಕಾನ್ಸಿನ್, ಅಯೋವ, ಮಿನೆಸೋಟ, ಡಕೋಟ ಪ್ರಾಂತಗಳ ಹುಲ್ಲುಗಾವಲಿನಲ್ಲಿ. ಮಣ್ಣಿನ ಹೆಂಟೆ ಕಡಿದು ಗೋಡೆ ಕಟ್ಟಿಕೊಂಡರು. ಮನೆಯಾಯಿತು, ಹೊಲವಾಯಿತು, ಮರದ ಚರ್ಚೂ ಆಯಿತು. ಆಮೇಲೆ ಕೇಳಿದ ಪ್ರಶ್ನೆ: ಮಕ್ಕಳ ಓದಿಗೆ ಏನು ಗತಿ?

ಆ ಪ್ರಶ್ನೆಗೆ ಒಂದು ಉತ್ತರವಾಗಿ 1874ರ ನವೆಂಬರ್ 6ರಂದು ಸೇಂಟ್ ಓಲಾಫ್ ಶಾಲೆಯ ಸ್ಥಾಪನೆಯಾಯಿತು. ಅದರ ಹಿಂದೆ ಮುಖ್ಯವಾಗಿ ಮೂವರಿದ್ದರು. ಬೆರ್ನ್ಟ್ ಯೂಲಿಯುಸ್ ಮೂಸ್ ಎಂಬ ಪಾದ್ರಿ. ಹರಾಲ್ಡ್ ಥೋರ್ಸನ್ ಎಂಬ ನಾರ್ತ್‌ಫೀಲ್ಡಿನ ವ್ಯಾಪಾರಿ. ಥೋರ್ಬ್ಯೋರ್ನ್ ಮೂನ್ ಎಂಬ ಯುವಕ ಉಪಾಧ್ಯಾಯ, ಅವರೇ ಮೊದಲ ಮುಖ್ಯಸ್ಥರು. 1875ರ ಜನವರಿಯಲ್ಲಿ ಊರಿನ ಹಳೆಯ ಶಾಲೆಯ ಕಟ್ಟಡದಲ್ಲಿ ಪಾಠ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಊರಾಚೆಯ ಗುಡ್ಡದ ಮೇಲೆ ಮೊದಲ ಕಟ್ಟಡ ಎದ್ದಿತು. ಅದು ಈಗಲೂ ಇದೆ. 'ಓಲ್ಡ್ ಮೇನ್' ಎಂದು ಕರೆಯುತ್ತಾರೆ. ಹೆಸರನ್ನು ಆರಿಸಿದ್ದರಲ್ಲಿ ಒಂದು ಸ್ವಾರಸ್ಯವಿದೆ. ಓಲಾಫ್ ಎಂಬಾತ ನಾರ್ವೆಯ ಅರಸು. 1030ರಲ್ಲಿ ಸ್ಟಿಕ್ಲೆಸ್ಟಾಡ್ ಎಂಬಲ್ಲಿ ಯುದ್ಧದಲ್ಲಿ ಮಡಿದವನು. ರೋಮಿನ ಚರ್ಚು ಸಂತನೆಂದು ಗೌರವಿಸಿದವನು. ಸಂತರ ಆರಾಧನೆಯನ್ನು ಬಿಟ್ಟ ಲೂಥರನ್ ಜನ ತಮ್ಮ ಶಾಲೆಗೆ ಸಂತನ ಹೆಸರನ್ನೇ ಇಟ್ಟರು. ಮತದ ಲೆಕ್ಕ ಒಂದು, ತೌರೂರಿನ ಮಮತೆ ಇನ್ನೊಂದು ಎಂದು ಇದರಿಂದ ತಿಳಿಯುತ್ತದೆ.

ಇನ್ನೊಂದು ವಿಶೇಷ. ಆರಂಭದಿಂದಲೇ ಇಲ್ಲಿ ಹುಡುಗರ ಜೊತೆಗೆ ಹುಡುಗಿಯರಿಗೂ ಪ್ರವೇಶವಿತ್ತು. 1893ರಲ್ಲಿ ಆಗ್ನೆಸ್ ಮೆಲ್ಬಿ ಎಂಬಾಕೆ ಪದವಿ ಪಡೆದು ಇಲ್ಲಿಯ ಮೊದಲ ಮಹಿಳಾ ಪದವೀಧರೆಯಾದರು. ಇದೇ ನಾರ್ವೆಯ ಜನ 1861ರಲ್ಲಿ ಸ್ಥಾಪಿಸಿದ್ದ, ಅಯೋವದ ಡೆಕೋರಾದಲ್ಲಿರುವ ಲೂಥರ್ ಕಾಲೇಜು ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1936ರಲ್ಲಿ. ಒಂದೇ ಮತ, ಒಂದೇ ಜನ. ಆದರೂ ಎರಡು ಕಾಲೇಜುಗಳ ನಡುವೆ ಈ ವಿಷಯದಲ್ಲಿ ನಾಲ್ಕು ದಶಕಗಳಿಗೂ ಮಿಕ್ಕ ಅಂತರ. ಮತ ಮೂಲವಾದ ಕಾಲೇಜುಗಳೆಲ್ಲ ಒಂದೇ ಅಚ್ಚಿನವು ಎಂದು ಭಾವಿಸುವವರು ಇದನ್ನು ಗಮನಿಸಬೇಕು.

ಚರ್ಚಿನ ಆಸರೆ ಎಂದೆನಷ್ಟೆ. ಆ ಆಸರೆ ಸುಖದ ಹಾಸಿಗೆಯೇನೂ ಆಗಿರಲಿಲ್ಲ. 1880ರ ದಶಕದಲ್ಲಿ ನಾರ್ವೆಯ ಲೂಥರನ್ನರ ನಡುವೆ ದೊಡ್ಡ ಜಗಳ ಎದ್ದಿತು. ಮನುಷ್ಯನ ಉದ್ಧಾರವನ್ನು ದೇವರು ಮೊದಲೇ ನಿರ್ಣಯಿಸಿರುವನೆ, ಅದರಲ್ಲಿ ಮನುಷ್ಯನ ನಂಬಿಕೆಗೆ ಎಷ್ಟು ಪಾಲು ಎಂಬುದು ಚರ್ಚೆಯ ವಿಷಯ. ಹಳ್ಳಿಯ ಚರ್ಚುಗಳು ಒಡೆದು ಎರಡಾದವು. ನೆಂಟರು ಮಾತು ಬಿಟ್ಟರು. ಸೇಂಟ್ ಓಲಾಫ್ ಒಂದು ಪಕ್ಷಕ್ಕೆ ಸೇರಿತು. 1890ರಲ್ಲಿ ಹೊಸದಾಗಿ ಒಂದುಗೂಡಿದ ಚರ್ಚು ಇದನ್ನು ತನ್ನ ಕಾಲೇಜೆಂದು ಒಪ್ಪಿಕೊಂಡಿತು, 1893ರಲ್ಲಿ ಕೈಬಿಟ್ಟಿತು, 1899ರಲ್ಲಿ ಮತ್ತೆ ಕೈಹಿಡಿಯಿತು. ನಡುವಿನ ಆರು ವರ್ಷ ಕಾಲೇಜು ಹೇಗೆ ಉಸಿರು ಹಿಡಿದಿರಬೇಕು! ಅಮೆರಿಕವೇ ಆಗ ಹಣದ ಮುಗ್ಗಟ್ಟಿನಲ್ಲಿ ಸಿಕ್ಕಿದ್ದ ಕಾಲ. ದಾನಿಗಳ ಬಳಿಗೆ ಅಲೆದು, ಇದ್ದಷ್ಟರಲ್ಲಿ ನಡೆಸಿ, ಬಾಗಿಲು ಹಾಕದೆ ಉಳಿದರು. ಕಾಲೇಜು ಯಾರದು ಎಂಬ ಪ್ರಶ್ನೆ ಅಲ್ಲಿ ಮೊದಲ ಬಾರಿಗೆ ಎದ್ದದ್ದು ಆಗಲೇ. ಚರ್ಚು ತನ್ನದಲ್ಲವೆಂದ ಮೇಲೂ ಅದು ಉಳಿಯಿತೆಂದರೆ, ಅದನ್ನು ತಮ್ಮದೆಂದುಕೊಂಡ ಬೇರೆ ಜನ ಇದ್ದರು ಎಂದು ಅರ್ಥ.

ಆ ಜನಕ್ಕೆ ಮುಂದೆ ಮೂರು ಸೊತ್ತುಗಳು ಕೂಡಿಬಂದವು: ಹಾಡು, ಭಾಷೆ, ರೇಡಿಯೊ. ಒಂದನ್ನು ಉಳಿಸಿಕೊಂಡರು, ಒಂದು ಕಾಲದ ಪಾಲಾಯಿತು, ಒಂದನ್ನು ಮಾರಿದರು. ಈ ಮೂರನ್ನೂ ನೋಡಿದರೆ ಸಣ್ಣ ಕಾಲೇಜೊಂದು ಬಾಳುವ ಬಗೆ ತಿಳಿಯುತ್ತದೆ.

ಮೊದಲು ಹಾಡು. ಲೂಥರನ್ನರ ಆರಾಧನೆಯಲ್ಲಿ ಸಭೆಯವರೆಲ್ಲ ಸೇರಿ ಹಾಡುವುದು ಹಿಂದಿನಿಂದ ಬಂದ ಪದ್ಧತಿ. ಲೂಥರ್ ಅವರೇ ಕೀರ್ತನೆಗಳನ್ನು ಕಟ್ಟಿದವರು. 1903ರಲ್ಲಿ ಮೆಲಿಯುಸ್ ಕ್ರಿಶ್ಚಿಯನ್‌ಸೆನ್ ಎಂಬ ಸಂಗೀತಗಾರರು ಕಾಲೇಜಿಗೆ ಬಂದರು. 1871ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಹದಿನೇಳರ ಹರೆಯದಲ್ಲಿ ಅಮೆರಿಕಕ್ಕೆ ಬಂದವರು. 1912ರಲ್ಲಿ ಅವರು ಸೇಂಟ್ ಓಲಾಫ್ ಗಾಯಕವೃಂದವನ್ನು ಸ್ಥಾಪಿಸಿದರು. ವಾದ್ಯಗಳ ನೆರವಿಲ್ಲದೆ, ಹಾಳೆ ನೋಡದೆ, ಬಾಯಿಪಾಠವಾಗಿ ಹಾಡಬೇಕು. ಎಲ್ಲರ ಕಂಠವೂ ಬೆರೆತು ಒಂದೇ ಕಂಠವಾಗಬೇಕು. ಯಾರೊಬ್ಬರ ದನಿಯೂ ಮೇಲೆದ್ದು ಕೇಳಿಸಬಾರದು. ಇದು ಅವರ ಕಟ್ಟಳೆ. ಹೊಲದ ಕೆಲಸ ಮಾಡಿ ಬಂದ ರೈತರ ಮಕ್ಕಳನ್ನು ಅವರು ಹೀಗೆ ಪಳಗಿಸಿದರು. ಮರುವರ್ಷವೇ, 1913ರಲ್ಲಿ, ವೃಂದ ನಾರ್ವೆಗೆ ಹೋಗಿ ಹಾಡಿ ಬಂತು. 1920ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲಿ ಹಾಡಿತು. ಅಮೆರಿಕದ ಎಷ್ಟೋ ಕಾಲೇಜುಗಳು ಆಮೇಲೆ ಇದೇ ಮಾದರಿಯ ವೃಂದಗಳನ್ನು ಕಟ್ಟಿಕೊಂಡವು. 1912ರಲ್ಲೇ ಆರಂಭವಾದ ಕ್ರಿಸ್ಮಸ್ ಸಂಗೀತೋತ್ಸವ ಇಂದಿಗೂ ನಡೆದುಬರುತ್ತಿದೆ.

ಈ ವೃಂದದ ನಾಯಕತ್ವವನ್ನು ನೋಡಿ. ಕ್ರಿಶ್ಚಿಯನ್‌ಸೆನ್ ಅವರ ತರುವಾಯ ಮಗ ಓಲಾಫ್ ಕ್ರಿಶ್ಚಿಯನ್‌ಸೆನ್ 1968ರವರೆಗೆ. ಅವರ ತರುವಾಯ ಕೆನೆತ್ ಜೆನ್ನಿಂಗ್ಸ್ 1990ರವರೆಗೆ. ಎಪ್ಪತ್ತೆಂಟು ವರ್ಷಗಳಲ್ಲಿ ಮೂವರೇ ನಾಯಕರು. 1990ರಲ್ಲಿ ನಾಲ್ಕನೆಯವರಾಗಿ ಬಂದವರು ಆಂಟನ್ ಆರ್ಮ್‌ಸ್ಟ್ರಾಂಗ್. ಅವರು ನ್ಯೂಯಾರ್ಕಿನಲ್ಲಿ ಬೆಳೆದ ಕರಿಯ ಜನಾಂಗದವರು. ಇದೇ ಕಾಲೇಜಿನಲ್ಲಿ ಓದಿ, ಇದೇ ವೃಂದದಲ್ಲಿ ಹಾಡಿದವರು. ನಾರ್ವೆಯ ಪಾದ್ರಿಗಳು ತಮ್ಮ ಮಕ್ಕಳಿಗೆಂದು ಕಟ್ಟಿದ ಮನೆಯ ಅತ್ಯಂತ ಅಮೂಲ್ಯವಾದ ಸೊತ್ತು, ನಾರ್ವೆಯ ರಕ್ತಸಂಬಂಧವೇ ಇಲ್ಲದ ವ್ಯಕ್ತಿಯ ಕೈಗೆ ಬಂತು. ಆ ಕೈಯಲ್ಲಿ ಅದು ಬಾಡಲಿಲ್ಲ. ಆಫ್ರಿಕದ, ಏಷ್ಯದ, ದಕ್ಷಿಣ ಅಮೆರಿಕದ ಹಾಡುಗಳೂ ಜೊತೆಗೆ ಸೇರಿ ಇನ್ನಷ್ಟು ತುಂಬಿಕೊಂಡಿತು. ಕೊಟ್ಟದ್ದರಿಂದ ಉಳಿದದ್ದು ಹಾಡು.

ಎರಡನೆಯದು ಭಾಷೆ. ಇದು ದುಃಖದ ಕಥೆ. ಓಲೆ ರೋಲ್ವಾಗ್ ಎಂಬವರು 1876ರಲ್ಲಿ ನಾರ್ವೆಯ ಡೊನ್ನ ಎಂಬ ದ್ವೀಪದಲ್ಲಿ, ಬೆಸ್ತರ ಮನೆಯಲ್ಲಿ ಹುಟ್ಟಿದರು. 1896ರಲ್ಲಿ ಅಮೆರಿಕಕ್ಕೆ ಬಂದು, ಸೌತ್ ಡಕೋಟದಲ್ಲಿ ಬಂಧುವಿನ ಹೊಲದಲ್ಲಿ ದುಡಿದು, ಆಮೇಲೆ ಓದಿಗೆ ತೊಡಗಿ 1905ರಲ್ಲಿ ಸೇಂಟ್ ಓಲಾಫಿನ ಪದವಿ ಪಡೆದರು. ಮರುವರ್ಷದಿಂದ ಅಲ್ಲಿಯೇ ನಾರ್ವೆಯ ಭಾಷೆ ಮತ್ತು ಸಾಹಿತ್ಯದ ಅಧ್ಯಾಪಕರಾದರು. ಹುಲ್ಲುಗಾವಲಿಗೆ ಬಂದು ನೆಲೆಸಿದವರ ಬಾಳನ್ನು ಕುರಿತು ಅವರು ಬರೆದ ಕಾದಂಬರಿ 1924 ಮತ್ತು 1925ರಲ್ಲಿ ಎರಡು ಭಾಗಗಳಾಗಿ ನಾರ್ವೆಯಲ್ಲಿ ಅಚ್ಚಾಯಿತು. 1927ರಲ್ಲಿ 'ಜಯಂಟ್ಸ್ ಇನ್ ದಿ ಅರ್ತ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂದು ಅಮೆರಿಕದಲ್ಲೆಲ್ಲ ಪ್ರಸಿದ್ಧವಾಯಿತು. ಗಂಡನಿಗೆ ಹೊಸ ನೆಲ ರಾಜ್ಯ ಸಿಕ್ಕಂತೆ. ಹೆಂಡತಿಗೆ ಅದೇ ನೆಲ ಅಡಗಿಕೊಳ್ಳಲು ಒಂದು ಮರವೂ ಇಲ್ಲದ ಭಯದ ಬಯಲು. ಅಮೆರಿಕದ ಬದುಕನ್ನು ಕುರಿತ ಒಂದು ಮುಖ್ಯ ಕಾದಂಬರಿಯನ್ನು ಬರೆದದ್ದು ಅಮೆರಿಕದಲ್ಲಿ ಕುಳಿತು, ಇಂಗ್ಲಿಷಲ್ಲದ ಭಾಷೆಯಲ್ಲಿ! ತಾಯ ನುಡಿಯನ್ನು ಬಿಟ್ಟ ಜನ ತಮ್ಮ ಆತ್ಮದ ಒಂದು ಪಾಲನ್ನೂ ಬಿಡುತ್ತಾರೆ ಎಂಬುದು ರೋಲ್ವಾಗ್ ಅವರ ದೃಢವಾದ ನಂಬಿಕೆ. ಅದಕ್ಕಾಗಿಯೇ ಅವರೂ ಗೆಳೆಯರೂ ಕೂಡಿ 1925ರಲ್ಲಿ ನಾರ್ವೀಜಿಯನ್-ಅಮೆರಿಕನ್ ಇತಿಹಾಸ ಸಂಘವನ್ನು ಕಾಲೇಜಿನಲ್ಲಿ ಸ್ಥಾಪಿಸಿದರು. ಸಂಘ ಈಗಲೂ ಇದೆ.

ಆದರೆ ಕಾಲ ಅವರ ಕಡೆಗಿರಲಿಲ್ಲ. ಮೊದಲನೆಯ ಮಹಾಯುದ್ಧದ ಸಮಯದಲ್ಲಿ ಪರಭಾಷೆ ಆಡುವವರನ್ನೆಲ್ಲ ಅನುಮಾನದಿಂದ ಕಾಣುವ ಗಾಳಿ ಬೀಸಿತು. 1918ರಲ್ಲಿ ನೆರೆಯ ಅಯೋವ ಸಂಸ್ಥಾನದ ಗವರ್ನರು ಶಾಲೆಯಲ್ಲಿ, ಸಾರ್ವಜನಿಕ ಸ್ಥಳದಲ್ಲಿ, ಟೆಲಿಫೋನಿನಲ್ಲಿ, ಕಡೆಗೆ ಪ್ರಾರ್ಥನೆಯಲ್ಲಿ ಕೂಡ ಇಂಗ್ಲಿಷೊಂದನ್ನೇ ಬಳಸಬೇಕೆಂದು ಆಜ್ಞೆ ಹೊರಡಿಸಿದರು. ಬಲವಂತ ಅಷ್ಟಕ್ಕೆ ನಿಂತರೂ ಮಕ್ಕಳೇ ಮೆಲ್ಲಮೆಲ್ಲನೆ ಅಜ್ಜಿಯ ಮಾತಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗಿದರು. ರೋಲ್ವಾಗ್ 1931ರಲ್ಲಿ ತೀರಿಕೊಂಡರು. 1946ರಲ್ಲಿ ಚರ್ಚು ತನ್ನ ಹೆಸರಿನಿಂದ 'ನಾರ್ವೀಜಿಯನ್' ಎಂಬ ಪದವನ್ನೇ ತೆಗೆದುಹಾಕಿತು. ಇಂದು ಕಾಲೇಜಿನ ಗ್ರಂಥಭಂಡಾರಕ್ಕೆ ರೋಲ್ವಾಗ್ ಅವರ ಹೆಸರಿದೆ. ನಾರ್ವೆಯ ಭಾಷೆಯನ್ನು ಈಗಲೂ ಕಲಿಸುತ್ತಾರೆ. ಆದರೆ ಮನೆಮಾತಾಗಿದ್ದದ್ದು ಪಾಠದ ವಿಷಯವಾಯಿತು. ಈ ಎರಡರ ನಡುವಿನ ದೂರ ಎಷ್ಟೆಂಬುದನ್ನು ಭಾಷೆಯ ಮೇಲೆ ಅಭಿಮಾನವಿರುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ರೇಡಿಯೊ. 1918ರಲ್ಲಿ ಕಾಲೇಜಿನ ಭೌತವಿಜ್ಞಾನ ವಿಭಾಗದ ಕೆಲವರು ವಿದ್ಯಾರ್ಥಿಗಳು ತಂತಿಯಿಲ್ಲದ ಸಂದೇಶದ ಪ್ರಯೋಗವನ್ನು ಕೈಗೆತ್ತಿಕೊಂಡರು. ಪ್ರಯೋಗಶಾಲೆಯ ಆಟದಂತೆ ಆರಂಭವಾದದ್ದು ಬೆಳೆದು, 1922ರಲ್ಲಿ ಪರವಾನಗಿ ಪಡೆದ ಪ್ರಸಾರ ನಿಲಯವಾಯಿತು. ಡಬ್ಲ್ಯು.ಸಿ.ಎ.ಎಲ್. ಎಂದು ಅದರ ಕರೆಹೆಸರು. ಮಿನೆಸೋಟ ವಿಶ್ವವಿದ್ಯಾನಿಲಯದ ನಿಲಯವೂ ಇದೂ ಬಹುಕಾಲ ಒಂದೇ ತರಂಗವನ್ನು ಸರದಿಯ ಮೇಲೆ ಹಂಚಿಕೊಂಡು ಪ್ರಸಾರ ಮಾಡುತ್ತಿದ್ದವು. ಒಂದೇ ಬಾವಿಯ ನೀರನ್ನು ಎರಡು ಮನೆಯವರು ಹೊತ್ತು ಗೊತ್ತು ಮಾಡಿಕೊಂಡು ಸೇದಿದಂತೆ. ಭಾನುವಾರದ ಪ್ರಾರ್ಥನೆ, ಗಾಯಕವೃಂದದ ಹಾಡು, ಉಪನ್ಯಾಸ, ಶಾಸ್ತ್ರೀಯ ಸಂಗೀತ ಇವು ಅದರ ಕಾರ್ಯಕ್ರಮಗಳು. ಮಿನೆಸೋಟದ ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿದಾಗ, ಚರ್ಚಿಗೆ ಹೋಗಲಾರದ ಮುದುಕರು, ಒಂಟಿ ಮನೆಯ ರೈತರು ಅಡುಗೆಮನೆಯಲ್ಲೇ ಕುಳಿತು ಕೇಳಬಹುದಾಗಿತ್ತು.

ಜಾಹೀರಾತಿನ ಹಣ ಬೇಡವೆಂದರೆ ನಿಲಯ ನಡೆಯುವುದು ಹೇಗೆ? 1920ರ ದಶಕದಲ್ಲೇ ಕಾಲೇಜಿನವರು ಕೇಳುಗರನ್ನು ಕೇಳಿಕೊಂಡರು. ಕೇಳುಗರು ಹಣ ಕಳುಹಿಸಿದರು. ಕೇಳುಗರ ಕಾಣಿಕೆಯಿಂದ ನಡೆದ ಅಮೆರಿಕದ ರೇಡಿಯೊ ನಿಲಯಗಳಲ್ಲಿ ಇದು ಅತ್ಯಂತ ಹಿಂದಿನವುಗಳಲ್ಲೊಂದು. ಕಾಣಿಕೆ ಕೊಟ್ಟವರಲ್ಲಿ ಆ ಕಾಲೇಜಿನ ಮೆಟ್ಟಿಲು ಹತ್ತದವರೇ ಹೆಚ್ಚಾಗಿದ್ದಿರಬೇಕು. ಮಗನನ್ನು ಕಾಲೇಜಿಗೆ ಕಳುಹಿಸಲಾರದವನೂ ಕಾಲೇಜಿನ ದನಿಗೆ ಪಾಲುದಾರನಾಗಬಹುದಾಗಿತ್ತು. ಎಂಬತ್ತು ವರ್ಷ ಹೀಗೆ ನಡೆಯಿತು.

2004ರಲ್ಲಿ ಕಾಲೇಜು ಆ ನಿಲಯವನ್ನು ಮಾರಿಬಿಟ್ಟಿತು. ಕೊಂಡವರು ಮಿನೆಸೋಟ ಪಬ್ಲಿಕ್ ರೇಡಿಯೊ ಎಂಬ ದೊಡ್ಡ ಪ್ರಸಾರ ಸಂಸ್ಥೆಯವರು. ಬೆಲೆ 1 ಕೋಟಿ 5 ಲಕ್ಷ ಡಾಲರು. ಇದರಲ್ಲೂ ಒಂದು ವಿಚಿತ್ರವಿದೆ: ಆ ದೊಡ್ಡ ಸಂಸ್ಥೆ ಕೂಡ 1967ರಲ್ಲಿ ಹುಟ್ಟಿದ್ದು ಅದೇ ಸಂಸ್ಥಾನದ ಇನ್ನೊಂದು ಧಾರ್ಮಿಕ ಕಾಲೇಜಿನಲ್ಲಿ, ಕ್ಯಾಥೊಲಿಕ್ ಬೆನೆಡಿಕ್ಟೈನ್ ಸಂನ್ಯಾಸಿಗಳ ಸೇಂಟ್ ಜಾನ್ಸ್‌ನಲ್ಲಿ. ಅದು ತೌರುಮನೆ ಬಿಟ್ಟು ಬೆಳೆಯಿತು. ಬೆಳೆದು, ತನಗಿಂತ ಹಿರಿದಾದುದನ್ನು ಕೊಂಡುಕೊಂಡಿತು. 2005ರ ಜನವರಿಯಿಂದ ಅದೇ ತರಂಗದಲ್ಲಿ ಬೇರೊಂದು ಹೆಸರಿನಿಂದ ಹೊಸ ತಲೆಮಾರಿನ ಜನಪ್ರಿಯ ಸಂಗೀತ ಕೇಳಿಬಂತು. ಅದಕ್ಕೂ ಅದರದೇ ಆದ ಅಭಿಮಾನಿಗಳಾದರು. 1983ರಲ್ಲಿ ಆರಂಭವಾಗಿದ್ದ ಕೀರ್ತನ ಸಂಗೀತದ ವಾರದ ಕಾರ್ಯಕ್ರಮವೊಂದನ್ನು ಮಾತ್ರ ಕಾಲೇಜಿನವರು ಉಳಿಸಿಕೊಂಡು, ಬೇರೆ ನಿಲಯಗಳ ಮೂಲಕ ಮುಂದುವರಿಸಿದರು.

ಹಳೆಯ ಕೇಳುಗರು ಸುಮ್ಮನಿರಲಿಲ್ಲ. ಸಂಘ ಕಟ್ಟಿದರು; ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಅವರ ವಾದವನ್ನು ಹೀಗೆ ಸಂಗ್ರಹಿಸಬಹುದು: ಪರವಾನಗಿ ಕಾಲೇಜಿನ ಹೆಸರಿನಲ್ಲಿದ್ದರೂ ಈ ನಿಲಯ ಬೆಳೆದದ್ದು ನಮ್ಮ ಕಾಣಿಕೆಯಿಂದ, ನಾವು ಕೊಟ್ಟದ್ದು ನಿಲಯ ನಡೆಯಲೆಂದು, ಮಾರಲೆಂದಲ್ಲ. ಕಾಲೇಜಿನವರ ವಾದ ಇನ್ನೊಂದು: ನಮ್ಮ ಮುಖ್ಯ ಕೆಲಸ ವಿದ್ಯಾರ್ಥಿಗಳಿಗೆ ಪಾಠ ಹೇಳುವುದು, ಇರುವ ಸಂಪನ್ಮೂಲವೆಲ್ಲ ಅದಕ್ಕೆ ಒದಗಬೇಕು. ಮಾರಾಟವೇನೋ ಹಿಂದಿರುಗಲಿಲ್ಲ.

ಇಲ್ಲಿ ಯಾರನ್ನು ಸರಿಯೆನ್ನೋಣ? ಕಾಲೇಜನ್ನು ಹಳಿಯುವುದು ಸುಲಭ. ಆದರೆ ಅದರ ಅಕ್ಕಪಕ್ಕದ ಮನೆಗಳನ್ನೂ ಒಮ್ಮೆ ನೋಡಬೇಕು. ಡೆನ್ಮಾರ್ಕಿನ ಲೂಥರನ್ನರು 1884ರಲ್ಲಿ ನೆಬ್ರಾಸ್ಕದ ಬ್ಲೇರ್ ಎಂಬಲ್ಲಿ ಕಟ್ಟಿದ ಡೇನಾ ಕಾಲೇಜು 2010ರಲ್ಲಿ ಬಾಗಿಲು ಹಾಕಿತು. ಫಿನ್ಲೆಂಡಿನ ಲೂಥರನ್ನರು 1896ರಲ್ಲಿ ಮಿಷಿಗನ್ನಿನ ತಾಮ್ರದ ಗಣಿಗಳ ನಾಡಿನಲ್ಲಿ, ಹ್ಯಾಂಕಾಕ್ ಎಂಬ ಊರಿನಲ್ಲಿ, ಸುವೋಮಿ ಕಾಲೇಜನ್ನು ಸ್ಥಾಪಿಸಿದ್ದರು. ಅದು ಮುಂದೆ ಫಿನ್ಲೆಂಡಿಯ ಎಂದು ಹೆಸರು ಬದಲಿಸಿಕೊಂಡಿತು. ಆದರೂ 2023ರಲ್ಲಿ ಮುಚ್ಚಿತು. ವಿದ್ಯಾರ್ಥಿಗಳ ಸಂಖ್ಯೆ ಇಳಿಯಿತು, ಸಾಲ ಏರಿತು. ಕಟ್ಟಿದ ಸಮುದಾಯದ ಮೊಮ್ಮಕ್ಕಳು ದೂರದ ನಗರಗಳಿಗೆ ಚದರಿಹೋದರು. ಮುಚ್ಚಿದ ಕಾಲೇಜೆಂದರೆ ಬರಿಯ ಬೀಗ ಹಾಕಿದ ಕಟ್ಟಡವಲ್ಲ. ಅರ್ಧ ಓದಿದ ಮಕ್ಕಳು ಇನ್ನೊಂದು ಊರಿಗೆ ಗಂಟುಮೂಟೆ ಕಟ್ಟಬೇಕು. ಊರಿನ ಅಂಗಡಿ, ಊಟದ ಮನೆಗಳಿಗೆ ಗಿರಾಕಿಗಳಿಲ್ಲ. ಇದನ್ನೆಲ್ಲ ಕಂಡ ಆಡಳಿತ ಮಂಡಳಿ ಮುಂದಿನ ಐವತ್ತು ವರ್ಷಗಳ ಬಗ್ಗೆ ಚಿಂತಿಸುವುದು ತಪ್ಪೆ? ತಪ್ಪೆನ್ನಲಾರೆ.

ಆದರೂ ಕೇಳುಗರ ಪಕ್ಷದಲ್ಲಿ ಒಂದು ಮಾತು ಉಳಿಯುತ್ತದೆ. ಹಾಡನ್ನು ಆ ಕಾಲೇಜು ಎಂದೂ ಲೆಕ್ಕದ ಪುಸ್ತಕದಲ್ಲಿ ಬರೆದಿಡಲಿಲ್ಲ. ಅದಕ್ಕೆ ಬೆಲೆ ಕಟ್ಟುವವರು ಯಾರೂ ಇರಲಿಲ್ಲ. ಆದ್ದರಿಂದ ಅದನ್ನು ಮುಂದಿನವರಿಗೆ ಕೈಯಾರೆ ದಾಟಿಸುವುದೊಂದೇ ದಾರಿಯಾಗಿತ್ತು. ರೇಡಿಯೊ ತರಂಗಕ್ಕೆ ಒಂದು ಕಾಲಕ್ಕೆ ಬೆಲೆಯೇ ಇರಲಿಲ್ಲ. ಬೆಲೆ ಬಂದ ದಿನ ಅದು ಆಸ್ತಿಯಾಯಿತು. ಆಸ್ತಿಯೆಂದ ಮೇಲೆ ಮಾರಾಟದ ಯೋಚನೆ ದೂರವಿರುವುದಿಲ್ಲ. ಆಸ್ತಿಪತ್ರದಲ್ಲಿ ಕಾಣಿಕೆ ಕೊಟ್ಟವನ ಹೆಸರಿರುವುದಿಲ್ಲ. ಆದರೆ ಅವನಿಲ್ಲದಿದ್ದರೆ ಆಸ್ತಿಯೇ ಇರುತ್ತಿರಲಿಲ್ಲ. ಮಾರುವುದೇ ಅನಿವಾರ್ಯವಾದರೂ ಮೊದಲು ಅವನನ್ನು ಕರೆದು ಕೂರಿಸಿ ಕೇಳಬೇಕಾದದ್ದು ನ್ಯಾಯ. ಮತ, ಮಠ, ಸಂಘ, ಯಾವುದರ ಹೆಸರಿನಲ್ಲೇ ಆಗಲಿ, ನಾಲ್ಕು ಜನರ ಕಾಣಿಕೆಯಿಂದ ನಡೆಯುವ ಸಂಸ್ಥೆಗೆಲ್ಲ ಈ ಮಾತು ಅನ್ವಯಿಸುತ್ತದೆ.

ಇನ್ನು ಮತದ ವಿಚಾರ. ಚರ್ಚಿನ ಸಂಬಂಧ ಈಗಲೂ ಉಂಟು; 1988ರಲ್ಲಿ ಹಲವು ಪಂಗಡಗಳು ಒಂದುಗೂಡಿ ಆದ ಲೂಥರನ್ ಚರ್ಚಿಗೆ ಕಾಲೇಜು ಸೇರಿದೆ. ಒಂದು ಕಾಲಕ್ಕೆ ಕಡ್ಡಾಯವಾಗಿದ್ದ ಪ್ರಾರ್ಥನೆ ಈಗ ಇಷ್ಟವಿದ್ದವರಿಗೆ. ಬೇರೆ ಬೇರೆ ಮತದವರೂ ಯಾವ ಮತವೂ ಬೇಡವೆನ್ನುವವರೂ ಅಲ್ಲಿ ಓದುತ್ತಾರೆ. ವಿದ್ಯಾರ್ಥಿಗಳನ್ನು ಪರದೇಶಗಳಿಗೆ ಕಳುಹಿಸಿ ಕಲಿಸುವುದು ಆ ಕಾಲೇಜಿನ ಹಳೆಯ ರೂಢಿ. ಜಗತ್ತನ್ನು ಸುತ್ತುವ ಅರ್ಧ ವರ್ಷದ ಪಾಠಪ್ರವಾಸದಲ್ಲಿ ನಮ್ಮ ಬೆಂಗಳೂರಿನಲ್ಲಿ ಕೆಲವು ವಾರ ನಿಂತು, ಭಾರತದ ಧರ್ಮಗಳನ್ನು ಕುರಿತು ಕೇಳಿ ಹೋದ ತಂಡಗಳುಂಟು. ಆದರೆ ಈ ಔದಾರ್ಯಕ್ಕೆ ನನಗೆ ಕಾಣುವ ಅತ್ಯುತ್ತಮ ಸಾಕ್ಷಿ ಬೇರೊಂದು. ಡೆನ್ಮಾರ್ಕಿನ ತತ್ತ್ವಜ್ಞಾನಿ ಕೀರ್ಕೆಗಾರ್ಡ್ ತಮ್ಮ ದೇಶದ ಲೂಥರನ್ ಚರ್ಚನ್ನು ಅತ್ಯಂತ ಕಟುವಾಗಿ ಟೀಕಿಸಿದವರು. ಅವರ ಬರಹಗಳನ್ನು ಇಂಗ್ಲಿಷಿಗೆ ತರುವ ಮಹಾಕಾರ್ಯಕ್ಕೆ ಬಾಳನ್ನೇ ಮುಡಿಪಿಟ್ಟವರು ಇದೇ ಕಾಲೇಜಿನ ಅಧ್ಯಾಪಕ ಹೋವರ್ಡ್ ಹಾಂಗ್ ಮತ್ತು ಅವರ ಪತ್ನಿ ಎಡ್ನಾ ಹಾಂಗ್. 1968ರಲ್ಲಿ ಅವರ ಭಾಷಾಂತರಕ್ಕೆ ಅಮೆರಿಕದ ರಾಷ್ಟ್ರೀಯ ಗ್ರಂಥ ಪ್ರಶಸ್ತಿ ಬಂತು. 1976ರಲ್ಲಿ ತಾವು ಕೂಡಿಸಿದ್ದ ಗ್ರಂಥರಾಶಿಯನ್ನು ಅವರು ಕಾಲೇಜಿಗೇ ಕೊಟ್ಟರು. ಇಂದು ಕೀರ್ಕೆಗಾರ್ಡರನ್ನು ಅಭ್ಯಾಸ ಮಾಡಬೇಕೆನ್ನುವ ಪಂಡಿತರು ನಾನಾ ದೇಶಗಳಿಂದ ಆ ಸಣ್ಣ ಊರಿಗೆ ಬರುತ್ತಾರೆ. ತನ್ನ ಮತದ ಅತ್ಯಂತ ಕಠಿಣ ವಿಮರ್ಶಕನಿಗೆ ತನ್ನ ಮನೆಯಲ್ಲೇ ಒಂದು ಕೊಠಡಿ ಕೊಟ್ಟ ಕಾಲೇಜಿನಲ್ಲಿ, ಸ್ವತಂತ್ರ ಮನುಷ್ಯನಿಗೆ ತಕ್ಕ ವಿದ್ಯೆ ಎಂಬ ಹಳೆಯ ಮಾತಿಗೆ ಇನ್ನೂ ಜೀವವಿದೆ ಎನ್ನಬೇಕು.

ಕಾಲೇಜು ಯಾರದು ಎಂಬ ಪ್ರಶ್ನೆಗೆ ಕಟ್ಟಿದವರದು ಎಂದರೆ ಅರ್ಧ ಉತ್ತರ. ಓದುವವರದು ಎಂದರೂ ಅರ್ಧವೇ. ಕಟ್ಟಿದವರು ಹೋದರು, ಓದುವವರು ನಾಲ್ಕು ವರ್ಷ ಇದ್ದು ಹೋಗುತ್ತಾರೆ. ನಡುವೆ ಅದನ್ನು ಹೊತ್ತುಕೊಂಡು ಬಂದವರು ಬೇರೆ: ಕೈಬಿಟ್ಟ ಕಾಲದಲ್ಲಿ ಬಾಗಿಲು ತೆರೆದಿಟ್ಟ ಉಪಾಧ್ಯಾಯರು, ಸೋಲುವ ಭಾಷೆಯಲ್ಲೇ ದೊಡ್ಡ ಪುಸ್ತಕ ಬರೆದ ಬೆಸ್ತರ ಮಗ, ದನಿಗೆ ದನಿ ಬೆರೆಸಲು ಕಲಿಸಿದ ಸಂಗೀತಗಾರರು, ಹಿಮದ ರಾತ್ರಿ ರೇಡಿಯೊ ಕೇಳಿ ಮರುದಿನ ಅಂಚೆಯಲ್ಲಿ ಒಂದು ಡಾಲರು ಕಳುಹಿಸಿದ ಹೆಸರಿಲ್ಲದ ರೈತ. ನಾರ್ತ್‌ಫೀಲ್ಡಿನ ಗುಡ್ಡದ ಮೇಲಿನ ಕಟ್ಟಡಗಳು ಇವರೆಲ್ಲರ ಋಣದ ಮೇಲೆ ನಿಂತಿವೆ. ಸಂಸ್ಥೆಗಳು ಹಣದಿಂದ ಬಾಳುತ್ತವೆ, ನಿಜ. ಋಣವನ್ನು ಮರೆಯದೆ ಇದ್ದರೆ ಮಾತ್ರ ಬಾಳಿದ್ದಕ್ಕೆ ಅರ್ಥ ಬರುತ್ತದೆ.